ಒಂದೇ ದನಿ, ಎರಡು ದಾರಿ

ಅಮೆರಿಕದ ಲೈಗೊ ಶೋಧಕಗಳು 2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆಯನ್ನು ಮೊದಲ ಬಾರಿಗೆ ಗ್ರಹಿಸಿದವು. ಕಪ್ಪುಕುಳಿಗಳು ಡಿಕ್ಕಿಯಾಗಿ ಒಂದಾಗುವ ಸುದ್ದಿ ಈಗ ಹೊಸದಲ್ಲ. ಆದರೆ ಆ ಅಲೆ ಹಾದುಬಂದ ಹಾದಿಯಲ್ಲಿ ಏನಾಯಿತು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ.

ನರಗುಂದದ ಗುಡ್ಡದ ಬುಡದಲ್ಲಿ ಒಬ್ಬ ಕೂಗಿದನೆನ್ನಿ. ದನಿ ನೇರವಾಗಿ ಒಮ್ಮೆ, ಬಂಡೆಗೆ ತಾಗಿ ಮತ್ತೊಮ್ಮೆ ಕೇಳಬಹುದು. ಗುಡ್ಡವಿರುವುದನ್ನು ಅರಿಯದವನು ಕೂಗಿದವರು ಇಬ್ಬರೆಂದೇ ತಿಳಿದಾನು. ಬಾಹ್ಯಾಕಾಶದಲ್ಲೂ ಇಂಥ ಭ್ರಮೆ ಸಾಧ್ಯ. ಅಲ್ಲಿ ಅಲೆ ಪ್ರತಿಫಲಿಸುವುದಿಲ್ಲ, ಬಾಗುತ್ತದೆ. ನಡುವೆ ಇರುವ ಗ್ಯಾಲಕ್ಸಿಯ ಗುರುತ್ವವು ಮಸೂರದಂತೆ ವರ್ತಿಸಿ, ಒಂದೇ ಘಟನೆಯ ಅಲೆಯನ್ನು ಹಲವು ದಾರಿಗಳಲ್ಲಿ ಕಳುಹಿಸುತ್ತದೆ. ಮೊದಲನೆಯದು ಬಂದು ದಿನಗಳು, ತಿಂಗಳುಗಳು ಕಳೆದ ಮೇಲೆ ಎರಡನೆಯದು ತಲುಪಬಹುದು. ಅಲೆ ವರ್ಧಿಸಿದ್ದನ್ನು ಗಮನಿಸದಿದ್ದರೆ ಅದರ ಮೂಲ ನಿಜಕ್ಕಿಂತ ಹತ್ತಿರವೆಂದೂ, ಕಪ್ಪುಕುಳಿಗಳು ನಿಜಕ್ಕಿಂತ ಭಾರವೆಂದೂ ಲೆಕ್ಕ ತಪ್ಪುತ್ತದೆ.

ನಕ್ಷತ್ರಗಳ ಪ್ರಭಾವ ಇನ್ನೂ ಸೂಕ್ಷ್ಮ. ಲೈಗೊ ಗ್ರಹಿಸುವ ಅಲೆಗಳ ಉದ್ದ ನೂರಾರು, ಸಾವಿರಾರು ಕಿಲೋಮೀಟರ್. ನಕ್ಷತ್ರಗಳ ಬಳಿ ಬಾಗಿದ ಅಲೆಗಳು ಒಂದರ ಮೇಲೊಂದು ಬಿದ್ದು ಮೂಲ ಆಕಾರವೇ ಕದಡಬಹುದು. ಆ ಕದಡನ್ನು ಐನ್‌ಸ್ಟೈನರ ಸಿದ್ಧಾಂತದ ಸೋಲೆಂದು ಸಾರುವ ಅಪಾಯವೂ ಇದೆ.

ಗುರುತ್ವ ಅಲೆಗಳ ಅಧ್ಯಯನಕ್ಕೆ ಕನ್ನಡ ನೆಲದ ನಂಟು ಹಳೆಯದು. ಕಪ್ಪುಕುಳಿಯನ್ನು ಅಲೆ ತಾಕಿದರೆ ಅದು ಗಂಟೆಯಂತೆ ಅನುರಣಿಸಿ ಮೌನವಾಗುತ್ತದೆಂದು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲೇ ತೋರಿಸಿದ್ದರು. ಬೆಂಗಳೂರಿನ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದ ಪಿ. ಅಜಿತ್ ಮತ್ತು ಸಂಗಡಿಗರು 2023ರಲ್ಲಿ ಇನ್ನೊಂದು ಸಾಧ್ಯತೆ ಮುಂದಿಟ್ಟರು: ಮುಂದಿನ ತಲೆಮಾರಿನ ಶೋಧಕಗಳಿಗೆ ಇಂಥ ಅಲೆಜೋಡಿಗಳು ಎಷ್ಟು ಸಿಗುತ್ತವೆ, ಅವುಗಳ ನಡುವಣ ಕಾಲಾಂತರವೆಷ್ಟು ಎಂಬುದರಿಂದಲೇ ವಿಶ್ವ ಹಿಗ್ಗುವ ವೇಗವನ್ನು ಅಳೆಯಬಹುದು. ತೊಡಕೇ ಸಾಧನವಾಗುವುದೆಂದರೆ ಇದು.

2015ರಿಂದ 2020ರವರೆಗಿನ ಮೂರು ವೀಕ್ಷಣಾ ಅವಧಿಗಳ ಶೋಧದಲ್ಲಿ ಮಸೂರ ಪ್ರಭಾವಕ್ಕೆ ಖಚಿತ ಸಾಕ್ಷ್ಯ ದೊರೆಯಲಿಲ್ಲ. ಎರಡು ಅಲೆಗಳು ಅವಳಿಗಳೆನ್ನಲು ಅವು ಒಂದೇ ದಿಕ್ಕಿನಿಂದ ಬಂದಿರಬೇಕು. ದಿಕ್ಕು ನಿಖರವಾಗಿ ತಿಳಿಯಲು ಭೂಮಿಯ ದೂರದೂರದ ಮೂಲೆಗಳಲ್ಲಿ ಶೋಧಕಗಳಿರಬೇಕು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಗೆ ನಿಗದಿಯಾದ ಲೈಗೊ-ಇಂಡಿಯಾದ ಮಹತ್ವ ಇಲ್ಲಿದೆ. ಕೇಂದ್ರ ಸಂಪುಟ 2016ರಲ್ಲಿ ತಾತ್ವಿಕ ಒಪ್ಪಿಗೆಯಿತ್ತು, ಸುಮಾರು 2,600 ಕೋಟಿ ರೂಪಾಯಿ ವೆಚ್ಚಕ್ಕೆ ಮಂಜೂರಾತಿ ನೀಡಿದ್ದು 2023ರಲ್ಲಿ. ನಡುವೆ ಕಳೆದದ್ದು ಏಳು ವರ್ಷ.

ಆ ಹಣದಿಂದ ಜನರಿಗೇನು ಲಾಭ ಎಂಬ ಪ್ರಶ್ನೆ ಸಹಜ, ನ್ಯಾಯವೂ ಹೌದು. ಆದರೆ ಲೆಕ್ಕ ಹಾಕುವ ಬುದ್ಧಿ ನಮ್ಮದು, ಆಲಿಸುವ ಕಿವಿ ಮಾತ್ರ ಪರರದು ಎಂಬ ಸ್ಥಿತಿ ಯಾವ ದೇಶಕ್ಕೂ ಶೋಭೆಯಲ್ಲ. ಇನ್ನಷ್ಟು ವಿಳಂಬ ಸಲ್ಲದು.