ಹಳದಿ ಕಬ್ಬಿಗೆ ಮೊದಲು ಗುದ್ದಲಿ, ಆಮೇಲೆ ಮೊಬೈಲು



ಕಬ್ಬಿನ ಗರಿ ಹಳದಿಯಾಯಿತೆಂದರೆ ಈಗ ಕೈ ಮೊದಲು ಹೋಗುವುದು ಅಂಗಿಯ ಕಿಸೆಗೆ. ಬದುವಿನ ಮೇಲೆ ನಿಂತೇ ಮೊಬೈಲಿನಲ್ಲಿ ಹುಡುಕುತ್ತೀರಿ. ಎಲ್ಲಿಯದೋ ಊರಿನ ಯಾರದೋ ವಿಡಿಯೊ ಬರುತ್ತದೆ. ಅದರಲ್ಲಿ ಹೇಳಿದ ಔಷಧವನ್ನು ಅಂಗಡಿಯಿಂದ ತಂದು ಸಂಜೆಗೆ ಸಿಂಪಡಿಸಿ ಮುಗಿಸುತ್ತೀರಿ. ಎರಡು ವಾರದ ಮೇಲೂ ಗರಿ ಹಾಗೆಯೇ ಇದ್ದರೆ ಇನ್ನೊಂದು ವಿಡಿಯೊ, ಇನ್ನೊಂದು ಡಬ್ಬಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಹೊಲಗಳಲ್ಲಿ ತಿರುಗಾಡುವ ನನಗೆ ಇದು ಪದೇ ಪದೇ ಕಣ್ಣಿಗೆ ಬೀಳುತ್ತದೆ.

ಮೊಬೈಲನ್ನು ಬೈಯುವುದು ನನ್ನ ಉದ್ದೇಶವಲ್ಲ. ಮಳೆಯ ಮುನ್ಸೂಚನೆಗೆ, ಪೇಟೆ ಧಾರಣಿಗೆ ಅದು ಬೇಕು. ಆದರೆ ಹಳದಿ ಎಂಬುದು ರೋಗದ ಹೆಸರಲ್ಲ; ಜ್ವರದಂತೆ ಬರೀ ಲಕ್ಷಣ. ಅದರ ಕಾರಣ ನಿಮ್ಮ ಹೊಲದಲ್ಲಿದೆ. ಮಗ್ಗದಲ್ಲಿ ಎಳೆ ಕಡಿದರೆ ಬನಹಟ್ಟಿಯ ನೇಕಾರ ಮೊದಲು ಕಡಿದ ಎಳೆಯನ್ನು ಹುಡುಕುತ್ತಾನಲ್ಲವೇ?

ಮೊದಲು ಯಾವ ಗರಿ ಹಳದಿಯಾಗಿದೆ ನೋಡಿರಿ. ಕೆಳಗಿನ ಹಳೆಯ ಗರಿಗಳು ಬಿಳಚಿಕೊಂಡು ಮೇಲಿನ ಸುಳಿ ಹಸಿರಾಗಿದ್ದರೆ ಸಾಮಾನ್ಯವಾಗಿ ಸಾರಜನಕದ ಕೊರತೆ. ಅದು ಬಿಟ್ಟು, ಮೇಲಿನ ಎಳೆ ಗರಿಗಳಲ್ಲಿ ನರ ಮಾತ್ರ ಹಸಿರುಳಿದು ನಡುವಿನ ಭಾಗ ಹಳದಿಯಾಗಿ, ಕೊನೆಗೆ ಗರಿಯೆಲ್ಲ ಬೆಳ್ಳಗಾದರೆ ಕಬ್ಬಿಣದ ಕೊರತೆ. ಸುಣ್ಣದ ಹರಳಿರುವ ಎರೆ ಭೂಮಿಯಲ್ಲಿ, ಅದರಲ್ಲೂ ಕುಳೆ ಕಬ್ಬಿನಲ್ಲಿ, ಇದು ಹೆಚ್ಚು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಕ್ಕುವುದಿಲ್ಲ. ಇಲ್ಲಿ ಯೂರಿಯಾ ಎಷ್ಟು ಸುರಿದರೂ ಪ್ರಯೋಜನವಿಲ್ಲ. ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ ಗರಿಗೆ ಸಿಂಪಡಿಸಬೇಕು.

ಮಳೆಗಾಲದಲ್ಲಿ ಅಲ್ಲಲ್ಲಿ ತೇಪೆಯಂತೆ ಕಬ್ಬು ಹಳದಿಯಾಗಿ ಒಣಗುತ್ತಿದೆಯೇ? ಒಂದು ಬುಡ ಹಿಡಿದು ಜಗ್ಗಿರಿ. ಸಲೀಸಾಗಿ ಕಿತ್ತು ಬಂದರೆ ಅಲ್ಲಿಯೇ ಅಗೆಯಿರಿ; ಮುದುಡಿ ಮಲಗಿದ ಬಿಳಿ ಗೊಣ್ಣೆಹುಳು ಸಿಕ್ಕೀತು. ಬೇರು ತಿನ್ನುವ ಹುಳಕ್ಕೆ ಗರಿಗೆ ಹೊಡೆದ ಔಷಧ ಹೇಗೆ ಮುಟ್ಟಬೇಕು? ಹುಳು ಕಾಣದಿದ್ದರೆ ಒಂದು ಕಬ್ಬನ್ನು ಉದ್ದಕ್ಕೆ ಸೀಳಿರಿ. ಒಳಗೆ ಕೆಂಪಾಗಿ, ನಡುನಡುವೆ ಅಡ್ಡ ಬಿಳಿ ಪಟ್ಟಿಗಳಿದ್ದು, ಹುಳಿ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗ. ಆ ಹೊಲದಿಂದ ಬೀಜದ ಕಬ್ಬು ಒಯ್ಯಬಾರದು, ಕುಳೆಯನ್ನೂ ಬಿಡಬಾರದು.

ನಮ್ಮ ಭಾಗದ ದೊಡ್ಡ ಸಂಕಟ ಮಾತ್ರ ಇನ್ನೂ ಆಳದಲ್ಲಿದೆ. ಘಟಪ್ರಭೆಯ ಕಾಲುವೆ, ಕೃಷ್ಣೆಯ ಏತ ನೀರಾವರಿ ಬಂದ ಮೇಲೆ ತಗ್ಗಿನ ಎರೆ ಹೊಲಗಳು ಸವಳು-ಜವಳಾಗಿವೆ. ಮೂರು ನಾಲ್ಕು ಅಡಿ ಗುಂಡಿ ತೆಗೆದು ಒಂದು ರಾತ್ರಿ ಬಿಡಿರಿ. ಮುಂಜಾನೆಗೆ ನೀರು ಒಸರಿ ನಿಂತಿದ್ದರೆ ಬೇರಿಗೆ ಗಾಳಿಯಿಲ್ಲವೆಂದು ತಿಳಿಯಿರಿ. ಇಂಥಲ್ಲಿ ಜಿಪ್ಸಂ ಹಾಕಿರೆಂದು ವಿಡಿಯೊದವರು ಸಲೀಸಾಗಿ ಹೇಳಿಬಿಡುತ್ತಾರೆ. ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿನಲ್ಲಿ. ಅಲ್ಲಿಯೂ ಬಿಡಿಸಿಕೊಂಡ ಸೋಡಿಯಂ ಬಸಿದು ಹೋಗಲು ದಾರಿ ಬೇಕು. ಬರೀ ಉಪ್ಪಿನ ಸವಳಿಗೆ ಬೇಕಾದದ್ದು ಬಸಿಗಾಲುವೆ. ಎರಡರಲ್ಲಿ ಯಾವುದೆಂಬುದನ್ನು ಮಣ್ಣು ಪರೀಕ್ಷೆಯಿಂದಲೇ ತಿಳಿಯಬೇಕು.

ಮಣ್ಣು ಆರೋಗ್ಯ ಚೀಟಿ ಇದೆಯಲ್ಲ ಎನ್ನಬಹುದು. 2015ರಲ್ಲಿ ಆರಂಭವಾದ ಆ ಯೋಜನೆಯ ಮೊದಲ ಸುತ್ತುಗಳಲ್ಲಿ ನೀರಾವರಿ ಭೂಮಿಯ ಎರಡೂವರೆ ಹೆಕ್ಟೇರಿಗೆ, ಅಂದರೆ ಸುಮಾರು ಆರು ಎಕರೆಗೆ, ಒಂದೇ ಮಾದರಿ ತೆಗೆದಿದ್ದರು. ನಿಮ್ಮ ಹೆಸರಿನ ಚೀಟಿಯಲ್ಲಿ ಇರುವುದು ಪಕ್ಕದವರ ಹೊಲದ ಮಣ್ಣಿನ ಲೆಕ್ಕವೂ ಆಗಿರಬಹುದು. ನಿಮ್ಮ ಹೊಲದ ಮಣ್ಣನ್ನು ನೀವೇ ತೆಗೆದು ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯುವುದೇ ಮೇಲು. ಮೇಲ್ಮಣ್ಣಿನದೊಂದು, ಅದರ ಕೆಳಗಿನದೊಂದು, ಬೇರೆ ಬೇರೆ ಚೀಲದಲ್ಲಿ ಕಟ್ಟಿರಿ.

ಬಸಿಗಾಲುವೆಯ ನೀರು ಪಕ್ಕದವರ ಹೊಲ ದಾಟಿಯೇ ಹಳ್ಳ ಸೇರಬೇಕು. ಅವರೊಡನೆ ಕುಳಿತು ಮಾತಾಡುವ ಕೆಲಸವನ್ನು ಯಾವ ಮೊಬೈಲೂ ಮಾಡಿಕೊಡದು. ಕೂಡಿ ಮಾಡುವುದು ನಮ್ಮವರಿಗೆ ಹೊಸತೇನಲ್ಲ. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಹತ್ತಿರ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ನೀರು ತರಲು ಒಂದಾದವರು ಹೆಚ್ಚಾದ ನೀರನ್ನು ಹೊರಹಾಕಲು ಒಂದಾಗುತ್ತಿಲ್ಲವೇಕೆ ಎಂಬುದೇ ನನ್ನ ಪ್ರಶ್ನೆ.

ಈ ಕೆಲಸವನ್ನು ನಿಮ್ಮ ವಾಚನಾಲಯದಿಂದಲೇ ಆರಂಭಿಸಬಹುದು. ಒಂದು ದಪ್ಪ ವಹಿ ತಂದು ಅಲ್ಲಿಡಿರಿ. ಯಾರ ಕಬ್ಬು ಹಳದಿಯಾಯಿತು, ಹೊಲ ತಗ್ಗಿನದೋ ದಿಬ್ಬದ್ದೋ, ಅಗೆದಾಗ ಏನು ಕಂಡಿತು, ಏನು ಹಾಕಿದರು ಎಂಬುದನ್ನು ತಾರೀಖಿನೊಂದಿಗೆ ಬರೆಯಿರಿ. ಏನೇ ಗೊಬ್ಬರ, ಔಷಧ ಹಾಕಿದರೂ ನಾಲ್ಕು ಸಾಲು ಹಾಗೆಯೇ ಬಿಡಿರಿ. ಹಾಕಿದ್ದಕ್ಕೂ ಬಿಟ್ಟದ್ದಕ್ಕೂ ತಿಂಗಳ ಮೇಲೆ ವ್ಯತ್ಯಾಸ ಕಾಣದಿದ್ದರೆ ಅದನ್ನೂ ಬರೆಯಿರಿ, ಡಬ್ಬಿಯ ಹೆಸರಿನ ಸಮೇತ. ಓದು ಬಾರದ ಹಿರಿಯರ ಮಾತನ್ನು ಶಾಲೆಗೆ ಹೋಗುವ ಹುಡುಗರು ಬರೆದುಕೊಳ್ಳಲಿ. ಯಾವ ಹೊಲದಲ್ಲಿ ಹಿಂದೆ ಹಳ್ಳ ಹರಿಯುತ್ತಿತ್ತು ಎಂಬುದು ಅವರಿಗೇ ಗೊತ್ತು. ಕೃಷಿ ಅಧಿಕಾರಿ ಊರಿಗೆ ಬಂದಾಗ ಚಹಾಕ್ಕಿಂತ ಮೊದಲು ಈ ವಹಿಯನ್ನು ಕೈಗಿಡಿರಿ.

ವಹಿ ಆರಂಭಿಸಿದ ಊರಿನವರು ನಮಗೊಂದು ಕಾಗದ ಬರೆಯಿರಿ. ಅದರಲ್ಲಿಯ ಅನುಭವಗಳನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.