ಮದುವೆಗೆ ಮುಂಚೆ ಹಲ್ಲು ತೇಯಿಸುವ ಆತುರ ಬೇಡ

ನಾನು ಹೃದಯದ ಡಾಕ್ಟರ್, ಹಲ್ಲಿನ ಡಾಕ್ಟರ್ ಅಲ್ಲ. ಆದರೂ ಈ ಸಲ ಹಲ್ಲಿನ ಬಗ್ಗೆ ಬರೆಯುತ್ತಿದ್ದೇನೆ.

ಇಲ್ಲಿ ಹೈದರಾಬಾದಿನಲ್ಲಿ ನನ್ನ ಬಳಿ ರಾಯಚೂರು ಕಡೆಯ ತಾಯಿ ಮಗಳು ಬಂದಿದ್ದರು. ತಾಯಿಗೆ ಲೋಹದ ಹೃದಯ ಕವಾಟ ಹಾಕಿದೆ. ಮಗಳಿಗೆ ಮದುವೆ ಗೊತ್ತಾಗಿದೆ. ನಕ್ಕಾಗಲೆಲ್ಲ ಆ ಹುಡುಗಿಯ ಕೈ ಬಾಯಿಗೆ ಹೋಗುತ್ತಿತ್ತು. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ. "ಚಿಕ್ಕಂದಿನಿಂದ ಸರಿಯಾಗಿ ಹಲ್ಲುಜ್ಜಿಲ್ಲ ಸರ್" ಎಂದರು ತಾಯಿ.

ಪಾಪ, ಹುಡುಗಿಯ ತಪ್ಪೇನೂ ಇಲ್ಲ. ರಾಯಚೂರು, ಕೊಪ್ಪಳ, ಕೋಲಾರ, ಪಾವಗಡದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುವಾಗಲೇ ಈ ನೀರು ಕುಡಿದರೆ ಎನಾಮಲ್ ಗಟ್ಟಿಯಾಗದೆ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ. ಆಮೇಲೆ ಅಲ್ಲಿ ಬಣ್ಣ ಕೂರುತ್ತದೆ. ಇದೇ ಫ್ಲೋರೋಸಿಸ್. ಇದ್ದಿಲು, ಉಪ್ಪು, ನಿಂಬೆ ಹಾಕಿ ತಿಕ್ಕಿದರೆ ಕಲೆ ಹೋಗುವುದಿಲ್ಲ, ಇರುವ ಎನಾಮಲ್ ಸವೆಯುತ್ತದೆ.

ಯಾವುದೋ ಕ್ಲಿನಿಕ್‌ನಲ್ಲಿ ಎಂಟು ಹಲ್ಲು ತೇಯ್ದು ವೆನೀರ್ ಅಂಟಿಸೋಣ ಎಂದಿದ್ದರಂತೆ. ನನಗೆ ಇದು ಒಪ್ಪಿಗೆಯಿಲ್ಲ. ತೇಯ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ವೆನೀರ್ ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕಾಗಬಹುದು, ಹುಡುಗಿಗೆ ಈಗ ಇಪ್ಪತ್ನಾಲ್ಕು. ಹಲ್ಲು ಗುಳಿ ಬಿದ್ದು ಚೂರಾಗುತ್ತಿದ್ದರೆ ಆ ಮಾತು ಬೇರೆ. ಬರೀ ಕಲೆಯಾದರೆ, ಕೂದಲೆಳೆಯಷ್ಟು ಮೇಲ್ಪದರ ಮಾತ್ರ ತೆಗೆಯುವ ಮೈಕ್ರೊಅಬ್ರೇಶನ್, ಬ್ಲೀಚಿಂಗ್, ರೆಸಿನ್ ತುಂಬುವುದು ಇವೆ. "ಇವುಗಳಿಂದ ಆಗುತ್ತದೆಯೇ?" ಎಂದು ಮೊದಲು ಕೇಳಿ. ಉತ್ತರ ಕೊಡದವರಿದ್ದರೆ ಇನ್ನೊಬ್ಬ ದಂತವೈದ್ಯರನ್ನು ನೋಡಿ.

ನಾನು ನಿಜವಾಗಿ ಬೆಚ್ಚಿದ್ದು ತಾಯಿಯ ಮಾತಿಗೆ. ಮದುವೆ ಫೋಟೋಗಾಗಿ ಅವರೂ ಹಲ್ಲು ಕ್ಲೀನ್ ಮಾಡಿಸಬೇಕೆಂದು, ರಕ್ತ ಬರುತ್ತದೆಂಬ ಭಯಕ್ಕೆ, ನಾಲ್ಕು ದಿನದಿಂದ ವಾರ್ಫರಿನ್ ನಿಲ್ಲಿಸಿದ್ದರು! ಪಕ್ಕದ ಮನೆಯವರ ಸಲಹೆಯಂತೆ. ಲೋಹದ ಕವಾಟ ಇದ್ದವರು ಹೀಗೆ ಮಾಡಿದರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟಬಹುದು, ಲಕ್ವ ಹೊಡೆಯಬಹುದು. ಐಎನ್‌ಆರ್ ಮಿತಿಯಲ್ಲಿದ್ದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸದೆಯೇ ಕ್ಲೀನಿಂಗ್ ಮಾಡಬಹುದು. ಸ್ಟೆಂಟ್ ಹಾಕಿಸಿಕೊಂಡವರೂ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತಾವಾಗಿ ಬಿಡಬಾರದು.

ಇನ್ನೊಂದು ವಿಷಯ. ಕೃತಕ ಕವಾಟ ಇರುವವರಿಗೆ, ಹಿಂದೆ ಹೃದಯದೊಳಗೆ ಸೋಂಕು ಆದವರಿಗೆ, ಹುಟ್ಟಿನಿಂದ ಬಂದ ಕೆಲವು ಹೃದಯದೋಷ ಇರುವವರಿಗೆ ವಸಡಿಗೆ ತಾಗುವ ಚಿಕಿತ್ಸೆಗೆ ಅರ್ಧದಿಂದ ಒಂದು ಗಂಟೆ ಮೊದಲು ಒಂದು ಡೋಸ್ ಆಂಟಿಬಯೋಟಿಕ್ ಬೇಕು. ಬರೀ ಸ್ಟೆಂಟ್ ಇರುವವರಿಗೆ ಬೇಡ. ದಂತವೈದ್ಯರು ಕೇಳದಿದ್ದರೂ ನೀವೇ ಹೇಳಿ, ಹೃದಯದ ಫೈಲ್ ಜೊತೆಗೊಯ್ಯಿರಿ.

ಮಕ್ಕಳನ್ನು ಊರಿನಲ್ಲಿ ಅಜ್ಜಿ ಹತ್ತಿರ ಬಿಟ್ಟು ಬಂದಿರುವವರು ಇವತ್ತೇ ಒಂದು ಫೋನ್ ಮಾಡಿ. ಎಂಟು ವರ್ಷದೊಳಗಿನ ಮಗುವಿಗೆ ಕುಡಿಯಲು, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಬಳಸಲು ಹೇಳಿ. ಬೋರ್ ನೀರು ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಮಾತ್ರ ಹಾಗೆಯೇ ಉಳಿಯುತ್ತದೆ.