ಕವರೇಜ್ 80 ಪರ್ಸೆಂಟ್ ಮುಟ್ಟದಿದ್ದರೆ ಬಿಲ್ಡ್ ನಿಲ್ಲಿಸಬೇಕೆ?

ಪರ: ಡೆಲಿವರಿ ಮ್ಯಾನೇಜರ್, ಹೆಬ್ಬಾಳ, ಮೈಸೂರು

ನಿಲ್ಲಿಸಬೇಕು. ಇನ್ಫೋಸಿಸ್ ತರಬೇತಿ ಕೇಂದ್ರ ಇರುವ ಊರು ನಮ್ಮದು. ಕಾಲೇಜು ಮುಗಿಸಿ ನೇರ ಕೆಲಸಕ್ಕೆ ಬಂದ ಹೊಸಬರು ಇಲ್ಲಿ ಎಷ್ಟು ಜನ ಎಂದು ಹೇಳಬೇಕಿಲ್ಲ. ಟೆಸ್ಟ್ ಬರೆಯುವ ಕೆಲಸವನ್ನು ಅವರು ಕೊನೆಗೆ ತಳ್ಳುತ್ತಾರೆ. ಟೆಸ್ಟುಗಳು ಓಡಿಸಿದ ಕೋಡಿನ ಪಾಲು, ಅಂದರೆ ಕವರೇಜ್, ಸಾಲದಿದ್ದರೆ ಬಿಲ್ಡ್ ತಡೆಯುವ ಗೇಟ್ ಇದ್ದರೆ ಬರೆಯುತ್ತಾರೆ.

ಎರಡನೆಯದಾಗಿ, ಗ್ರಾಹಕರು ಕೇಳುವುದೂ ಅಂಕಿಯನ್ನೇ. ಮೂರನೆಯದಾಗಿ, ಸೋನಾರ್‌ಕ್ಯೂಬ್ ಎಂಬ ಕೋಡ್ ತಪಾಸಣೆ ಟೂಲ್ ತಾನಾಗಿ ಕೊಡುವ ಗೇಟ್ ಹೊಸ ಕೋಡ್‌ಗೆ ಮಾತ್ರ 80 ಪರ್ಸೆಂಟ್ ಕೇಳುತ್ತದೆ, ಹಳೆಯದನ್ನು ಕೆದಕುವುದಿಲ್ಲ.

ಟೂಲ್ ಬದಲಾದರೆ ಅಂಕಿಯೂ ಬದಲಾಗುತ್ತದೆ ಎನ್ನುತ್ತಾರೆ. ಒಂದೇ ಟೂಲ್ ಇಟ್ಟುಕೊಂಡರೆ ಆಯಿತು. ಅದು ಏನನ್ನು ಎಣಿಸುತ್ತದೆ, ಏನನ್ನು ಬಿಡುತ್ತದೆ ಎಂಬುದು ತಂಡದಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು, ಅಷ್ಟೆ. ಯಾರಿಗೂ ಗೊತ್ತಿಲ್ಲದ ತಂಡದಲ್ಲಿ ಗೇಟ್‌ನಿಂದ ಪ್ರಯೋಜನವಿಲ್ಲ ಎಂಬುದನ್ನು ಒಪ್ಪುತ್ತೇನೆ. ಅಂಥ ತಂಡಗಳು ಕಡಿಮೆಯೇನಲ್ಲ.

ವಿರೋಧ: ಟೆಸ್ಟ್ ಎಂಜಿನಿಯರ್, ವಿಜಯನಗರ, ಮೈಸೂರು

80 ಪರ್ಸೆಂಟ್ ಅಂದರೆ ಯಾವುದರಲ್ಲಿ 80? ಇದಕ್ಕೆ ಉತ್ತರ ಸಿಗುವವರೆಗೆ ನಾನು ಯಾವ ಗೇಟಿಗೂ ಒಪ್ಪುವವಳಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಜಾವಾ ಮಾಡ್ಯೂಲಿನಲ್ಲಿ ಓಡುವ ಸಾಲು 100, ಅದರೊಳಗೆ 20 ಇಫ್. ಪ್ರತಿ ಇಫ್‌ಗೂ ನಿಜ, ಸುಳ್ಳು ಎಂದು ಎರಡು ದಾರಿ, ಒಟ್ಟು 40. ನಮ್ಮ ಟೆಸ್ಟುಗಳು 90 ಸಾಲು ಓಡಿಸಿದವು, 22 ದಾರಿ ಹಿಡಿದವು. ಕವರೇಜ್ ಅಳೆಯುವ ಜಕೋಕೋ ಟೂಲಿನ ವರದಿಯಲ್ಲಿ ಲೈನ್ ಕವರೇಜ್ 90, ಬ್ರಾಂಚ್ ಕವರೇಜ್ 55. ಸೋನಾರ್‌ಕ್ಯೂಬ್ ಸಾಲು, ದಾರಿ ಎರಡನ್ನೂ ಒಟ್ಟುಗೂಡಿಸುತ್ತದೆ: 140ಕ್ಕೆ 112, ಅಂದರೆ ಸರಿಯಾಗಿ 80. ಮೂರು ಅಂಕಿಯೂ ಸತ್ಯ. ಗೇಟ್ ತೆರೆದುಕೊಳ್ಳುತ್ತದೆ. ಖಾಲಿ ಬಿಟ್ಟ ಫೀಲ್ಡ್, ಕಡಿದುಹೋದ ಕನೆಕ್ಷನ್, ಅವಧಿ ಮುಗಿದ ಟೋಕನ್ ಇವೆಲ್ಲ ಅಡಗಿರುವುದು ಯಾರೂ ಕಾಲಿಡದ ಉಳಿದ 18 ದಾರಿಗಳಲ್ಲೇ.

ಒಂದೇ ಟೂಲ್ ಇಟ್ಟುಕೊಂಡರೂ ಅಂಕಿ ನಿಲ್ಲುವುದಿಲ್ಲ. ಜಕೋಕೋ ನೋಡುವುದು ಬೈಟ್‌ಕೋಡನ್ನು. ಪ್ರತಿ ಸೂಚನೆಗೂ ಗುರುತು ಹಾಕದೆ ಆಯ್ದ ಕಡೆ ಮಾತ್ರ ಹಾಕುವುದರಿಂದ, ನಡುವೆ ಎಕ್ಸೆಪ್ಷನ್ ಎದ್ದರೆ ಅದಕ್ಕೆ ಮುಂಚೆ ಓಡಿದ ಸಾಲೂ ಕೆಂಪಾಗಿ ಕಾಣಬಹುದು. ಪವರ್‌ಮಾಕ್ ಎಂಬ ಮಾಕಿಂಗ್ ಲೈಬ್ರರಿ ಬಳಸಿದ ಹಳೇ ಟೆಸ್ಟುಗಳಿದ್ದರೆ ಕ್ಲಾಸಿಗೆ ಸೊನ್ನೆಯೇ ಬೀಳಬಹುದು, ಏಕೆಂದರೆ ಅದು ಕ್ಲಾಸ್ ಫೈಲನ್ನು ಮತ್ತೆ ಲೋಡ್ ಮಾಡುವಾಗ ಜಕೋಕೋ ಹಾಕಿದ ಗುರುತು ಅಳಿದುಹೋಗುತ್ತದೆ. ಪಕ್ಕದ ಮಾಡ್ಯೂಲಿನ ಟೆಸ್ಟ್ ಓಡಿಸಿದ ಕೋಡ್, ವರದಿಗಳನ್ನು ಒಟ್ಟು ಸೇರಿಸದಿದ್ದರೆ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಹೊಸಬರು ಟೆಸ್ಟ್ ಬರೆಯುತ್ತಾರೆ ಎಂಬ ಮಾತು. ಅಸರ್ಟ್ ಒಂದೂ ಇಲ್ಲದ ಟೆಸ್ಟಿಗೂ ಕವರೇಜ್ ಅಷ್ಟೇ ಬರುತ್ತದೆ. ಮೆಥಡ್ ಕರೆದು ಸುಮ್ಮನೆ ಬಿಟ್ಟರೂ ಸಾಲು ಹಸಿರು! ರಾತ್ರಿ ಒಂಬತ್ತಕ್ಕೆ ರಿಲೀಸ್ ಎಂದು ತಲೆಯ ಮೇಲೆ ಕುಳಿತರೆ ಅವರು ಬರೆಯುವುದು ಅಂಥದ್ದನ್ನೇ. ತಪ್ಪು ಅವರದಲ್ಲ.

ವಿಮಾನದ ಸಾಫ್ಟ್‌ವೇರಿನವರು ಹೀಗೆ ಯಾವುದರ ಕವರೇಜ್ ಎಂದು ಹೇಳದೆ ಅಂಕಿ ಕೇಳುವುದಿಲ್ಲ. ಡಿಒ-178ಸಿ ಮಾನದಂಡ ಯಾವ ಕವರೇಜ್ ಬೇಕೆಂದು ವೈಫಲ್ಯದ ತೀವ್ರತೆಗೆ ತಕ್ಕ ಲೆವೆಲ್ ಪ್ರಕಾರ ಹೆಸರಿಟ್ಟು ಹೇಳುತ್ತದೆ: ಲೆವೆಲ್ ಸಿಗೆ ಸ್ಟೇಟ್‌ಮೆಂಟ್, ಬಿಗೆ ಅದರ ಮೇಲೆ ಡಿಸಿಷನ್, ಎಗೆ ಪ್ರತಿ ಷರತ್ತೂ ಸ್ವತಂತ್ರವಾಗಿ ಫಲಿತಾಂಶ ಬದಲಿಸುತ್ತದೆಂದು ತೋರಿಸುವ ಎಂಸಿ/ಡಿಸಿ. ಬಿಟ್ಟುಹೋದ ಕೋಡಿಗೆ ಕಾರಣವನ್ನೂ ಕೊಡಬೇಕು. ಅಂಥ ಗೇಟ್ ಹಾಕುವುದಾದರೆ ನಾಳೆಯೇ ಹಾಕಿ, ಮೊದಲು ನನ್ನ ಪ್ರಾಜೆಕ್ಟಿಗೇ ಹಾಕಿ.